ಸತ್ತ ದೊರೆಯ ಹೆಸರು

ಹಿಂದಿನ ಕಾಲದ ಚೀನಾದಲ್ಲಿ ದೊರೆಗಳಿಗೆ ಎರಡು ಹೆಸರು. ಒಂದು ಹುಟ್ಟಿದಾಗ ಇಡುವುದು, ಇನ್ನೊಂದು ಸತ್ತ ಮೇಲೆ.

ಎರಡನೆಯದು ಒಂದೇ ಪದ. ದೊರೆ ಹೇಗೆ ಆಳಿದ ಎನ್ನುವುದನ್ನೆಲ್ಲ ಆ ಒಂದು ಪದದಲ್ಲಿ ಹೇಳಿ ಮುಗಿಸಬೇಕು. ಒಳ್ಳೆಯವನಿಗೆ ಒಳ್ಳೆಯ ಹೆಸರು, ಕೆಟ್ಟವನಿಗೆ ಕೆಟ್ಟ ಹೆಸರು. ಅಲ್ಲಿಂದಾಚೆಗೆ ಜನ ಅವನನ್ನು ಕರೆಯುವುದು ಆ ಹೆಸರಿನಿಂದಲೇ. ಹುಟ್ಟುಹೆಸರನ್ನು ಯಾರೂ ಬಾಯಲ್ಲಿ ಎತ್ತುವುದಿಲ್ಲ.

ಈ ಪದ್ಧತಿಯನ್ನು ದೊರೆಗಳು ಹೇಗೆ ಒಪ್ಪಿಕೊಂಡರೋ ದೇವರೇ ಬಲ್ಲ. ತಾನೂ ಒಂದು ದಿನ ಸಾಯುತ್ತೇನೆಂದು ಯಾವ ದೊರೆಯೂ ನಂಬುವುದಿಲ್ಲವಲ್ಲ, ಅದಕ್ಕೇ ಇರಬೇಕು.

ಹೆಸರಿಡುವ ಅಧಿಕಾರ ಮಗನಿಗಿಲ್ಲ. ಮಗ ಅಪ್ಪನನ್ನು ತೂಗುವ ಹಾಗಿಲ್ಲ. ವಿಧಿಗಳನ್ನು ಬಲ್ಲ ಹಿರಿಯನೊಬ್ಬ ಶವಪೆಟ್ಟಿಗೆಯ ಪಕ್ಕದಲ್ಲಿ ನಿಂತು ಹೆಸರನ್ನು ಹೇಳಬೇಕು. ಅವನ ಶಿಷ್ಯ ಎತ್ತರದಲ್ಲಿ ನಿಂತು ಅದನ್ನೇ ಜನಕ್ಕೆಲ್ಲ ಕೇಳುವಂತೆ ಕೂಗಬೇಕು. ಜನ ಆ ಹೆಸರು ಹಿಡಿದು ಅಳಬೇಕು. ಆಮೇಲೆ ಮಣ್ಣು.

ಕನ್ಫ್ಯೂಷಿಯಸ್ ತೀರಿಕೊಂಡು ಒಂದೆರಡು ತಲೆಮಾರು ಕಳೆದಿತ್ತು. ಅವನ ದಾರಿಯಲ್ಲೇ ನಡೆದ ಲಿನ್ ಎಂಬ ಗುರುವೊಬ್ಬ ಇದ್ದ.

ಗುರು ಲಿನ್ ಪ್ರಾಯದಲ್ಲಿ ಹಳೇ ಗಾಡಿಯೊಂದರಲ್ಲಿ ಕೂತು ಸಂಸ್ಥಾನದಿಂದ ಸಂಸ್ಥಾನಕ್ಕೆ ತಿರುಗಿದ. ಹೋದಲ್ಲೆಲ್ಲ ದೊರೆಗಳಿಗೆ ಒಂದೇ ಮಾತು ಹೇಳಿದ. ಜನ ಉಂಡ ಮೇಲೆ ದೊರೆ ಉಣ್ಣಬೇಕು.

ದೊರೆಗಳು ತಲೆದೂಗಿದರು. ಒಳ್ಳೆಯ ಊಟ ಹಾಕಿಸಿದರು. ಕೈಮುಗಿದು ಗಡಿಯವರೆಗೆ ಬಿಟ್ಟು ಬಂದರು. ಯಾರೂ ಕೆಲಸ ಕೊಡಲಿಲ್ಲ.

ಕೂದಲು ಬೆಳ್ಳಗಾದ ಮೇಲೆ ಗುರು ತನ್ನ ಹುಟ್ಟೂರಿಗೆ ಬಂದ. ಅದೊಂದು ಪುಟ್ಟ ಸಂಸ್ಥಾನ. ಅಲ್ಲಿಯ ದೊರೆಗೆ ಆಗ ಗೋಪುರದ ಹುಚ್ಚು ಹಿಡಿದಿತ್ತು. ನೆರೆಯ ಸಂಸ್ಥಾನಗಳೆಲ್ಲ ಕಾಣುವಷ್ಟು ಎತ್ತರದ ಮಣ್ಣಿನ ಗೋಪುರ ಅವನಿಗೆ ಬೇಕಿತ್ತು. ಬಿತ್ತನೆಯ ಹೊತ್ತಿನಲ್ಲೇ ಗಂಡಸರನ್ನೆಲ್ಲ ಹೊಲದಿಂದ ಎಬ್ಬಿಸಿ ಮಣ್ಣು ಹೊರಲು ಹಚ್ಚಿದ್ದ.

ಗುರು ನೇರ ಅರಮನೆಗೆ ಹೋಗಿ ಇದನ್ನು ನಿಲ್ಲಿಸಿ ಎಂದ. ಎತ್ತರದಿಂದ ನೋಡುವ ಆಸೆ ನಿಮಗಿಲ್ಲವೇ ಎಂದು ದೊರೆ ನಗುತ್ತಾ ಕೇಳಿದ.

"ಎತ್ತರದಿಂದ ನೋಡಿದರೆ ಹೊಲ ಖಾಲಿ ಬಿದ್ದಿರೋದು ಇನ್ನೂ ಚೆನ್ನಾಗಿ ಕಾಣುತ್ತೆ," ಎಂದ ಗುರು.

ಅಂದೇ ಅವನನ್ನು ಹೊಳೆಯಾಚೆಗೆ ಅಟ್ಟಿದರು.

ಹೊಳೆಯಾಚೆ ಗುರು ಒಂದು ಗುಡಿಸಲು ಹಾಕಿಕೊಂಡ. ಕೆಲವು ಶಿಷ್ಯರು ಜೊತೆಗೆ ಬಂದರು. ಅವರಲ್ಲಿ ಹಿರಿಯವನು ದುವಾನ್. ಓದಿನಲ್ಲಿ ಮುಂದು, ಭಯದಲ್ಲೂ ಮುಂದು. ಅವನ ಗಂಟಲು ಮಾತ್ರ ದೊಡ್ಡದು. ಈ ದಡದಲ್ಲಿ ನಿಂತು ಕೂಗಿದರೆ ಆ ದಡದ ಅಂಬಿಗ ಎದ್ದು ಕೂರುತ್ತಿದ್ದ.

ಇತ್ತ ಗೋಪುರ ಎದ್ದಿತು. ಹೊಲಗಳು ಬೀಳುಬಿದ್ದವು. ಮಣ್ಣು ಹೊತ್ತವರಲ್ಲಿ ಎಷ್ಟೋ ಜನ ಹಸಿವಿನಿಂದ, ಕೆಮ್ಮಿನಿಂದ, ಕುಸಿದ ಮಣ್ಣಿನ ಅಡಿಯಲ್ಲಿ ಸತ್ತರು. ಗೋಪುರ ಮುಗಿದ ವರ್ಷ ದೊರೆ ಚಳಿಯಲ್ಲಿ ಅದರ ತುದಿಗೆ ಹತ್ತಿ ಮದ್ಯ ಕುಡಿದು ಕೂತ. ಜ್ವರ ಬಂತು. ಇಳಿಸಿಕೊಂಡು ಬಂದ ಮೇಲೆ ಏಳಲಿಲ್ಲ.

ಮುದುಕನೂ ಆಗಿರಲಿಲ್ಲ ಪಾಪ, ಎಂದು ಅರಮನೆಯವರು ಅತ್ತರು.

ಶವಸಂಸ್ಕಾರದ ದಿನ ಹತ್ತಿರ ಬಂದಾಗ ಮಂತ್ರಿ ಚಿ ದೋಣಿ ಹತ್ತಿ ಗುರುವಿನ ಗುಡಿಸಲಿಗೆ ಬಂದ. ನಯವಾದ ಮನುಷ್ಯ. ನೆಲದ ಮೇಲೇ ಕೂತ, ಕೊಟ್ಟ ಗಂಜಿಯನ್ನು ಹೊಗಳಿಕೊಂಡು ಕುಡಿದ.

ಅವನಿಗೆ ಬಂದ ಕಷ್ಟ ಇಷ್ಟೇ. ನೆರೆಯ ಸಂಸ್ಥಾನಗಳ ರಾಯಭಾರಿಗಳೆಲ್ಲ ಬಂದು ಇಳಿದಿದ್ದಾರೆ. ಅರಮನೆಯ ವಿಧಿಗಳನ್ನು ನಡೆಸುವ ಹಿರಿಯ, ದೊರೆ ಸತ್ತ ಸುದ್ದಿ ಕೇಳಿದ್ದೇ ತಡ ಹೆಂಡತಿಯ ತವರಿಗೆ ಹೋದವನು ತಿರುಗಿ ಬಂದಿಲ್ಲ. ಹೆಸರಿಡುವವರಿಲ್ಲ. ದಾರಿಹೋಕನನ್ನು ಕರೆದು ಹೆಸರಿಡಿಸಿದರೆ ರಾಯಭಾರಿಗಳು ನಗುತ್ತಾರೆ. ಗುರು ಲಿನ್ ಹೇಳಿದರೆ ಯಾರೂ ನಗುವುದಿಲ್ಲ.

ಹೊಸ ದೊರೆಗೆ ದಯಾನಿಧಿ ಎಂಬ ಹೆಸರು ಇಷ್ಟವಾಗಿದೆ ಎಂದೂ ಮಂತ್ರಿ ಮೆಲ್ಲಗೆ ಸೇರಿಸಿದ.

"ಬರ್ತೀನಿ," ಎಂದ ಗುರು.

"ಯಾವ ಹೆಸರು ಹೇಳ್ತೀರಿ?"

"ಅವರೇ ಗಳಿಸಿಕೊಂಡ ಹೆಸರು."

ಮಂತ್ರಿಗೆ ಇದು ಹಿಡಿಸಲಿಲ್ಲ. ಆದರೂ ನಗುತ್ತಲೇ ಎದ್ದ.

ದೋಣಿಯವರೆಗೆ ಅವನನ್ನು ಬಿಟ್ಟು ಬರಲು ದುವಾನ್ ಹೋದ. ದಡ ಬಂದಾಗ ಮಂತ್ರಿ ನಿಂತ. ನಿಮ್ಮ ಗುರುಗಳು ಕೆಟ್ಟ ಹೆಸರು ಹೇಳಿದರೆ ಅವರ ತಲೆ ಉಳಿಯುವುದಿಲ್ಲ ಎಂದು ತಣ್ಣಗೆ ಹೇಳಿದ. ಅದರಲ್ಲಿ ಬೆದರಿಕೆಯೇನೂ ಇರಲಿಲ್ಲ. ಹೊಳೆಯಲ್ಲಿ ನೀರು ಹೆಚ್ಚಿದೆ ಎನ್ನುವ ಹಾಗೆ ಹೇಳಿದ.

ದುವಾನ್‌ನ ತಲೆಯಲ್ಲಿ ಆ ಗಳಿಗೆ ಓದಿದ್ದೆಲ್ಲ ಓಡಿತು. ಒಂದು ಕಡೆ ಬಂದು ನಿಂತಿತು.

ಮುಪ್ಪು ಬರುವ ಮೊದಲೇ ಸತ್ತ ದೊರೆಗೆ ದುರ್ದೈವಿ ಎಂದು ಹೆಸರಿಡಬಹುದು. ಪದ್ಧತಿಯಲ್ಲಿ ಅದಕ್ಕೆ ಜಾಗವಿದೆ. ಅದು ಹೊಗಳಿಕೆಯೂ ಅಲ್ಲ, ತೆಗಳಿಕೆಯೂ ಅಲ್ಲ. ಬರಿಯ ಮರುಕ.

ದುವಾನ್ ಇದನ್ನು ಮಂತ್ರಿಗೆ ಹೇಳಿದ. ರಾಯಭಾರಿಗಳು ಒಪ್ಪುತ್ತಾರೆ, ಹೊಸ ದೊರೆಯನ್ನೂ ನಾನು ಒಪ್ಪಿಸುತ್ತೇನೆ ಎಂದ ಮಂತ್ರಿ. ಗುರುಗಳು ಇದನ್ನೇ ಹೇಳುತ್ತಾರೆಂದು ಮಾತು ಕೊಡುತ್ತೀರಾ ಎಂದು ಕೇಳಿದ.

ದುವಾನ್ ಮಾತು ಕೊಟ್ಟುಬಿಟ್ಟ.

ಅವನು ಹಗುರಾಗಿ ಗುಡಿಸಲಿಗೆ ಓಡಿ ಬಂದ. ಗುರು ಅಂಗಳದಲ್ಲಿ ಕೂತು ಶೋಕದ ದಿನ ಉಡುವ ಸೆಣಬಿನ ಬಟ್ಟೆಗೆ ತೇಪೆ ಹಾಕುತ್ತಿದ್ದ. ದುವಾನ್ ನಡೆದದ್ದನ್ನೆಲ್ಲ ಹೇಳಿದ. ಗುರು ಸೂಜಿಯಿಂದ ಕಣ್ಣೆತ್ತಲಿಲ್ಲ.

"ಪದ್ಧತಿಯಲ್ಲಿ ಇದೆಯಲ್ಲ ಗುರುಗಳೇ?"

"ಇದೆ."

"ಸುಳ್ಳಲ್ಲವಲ್ಲ? ವಯಸ್ಸಾಗೋ ಮೊದಲೇ ಸತ್ತದ್ದು ನಿಜ ತಾನೆ?"

"ಸುಳ್ಳಲ್ಲ."

"ಹಾಗಾದರೆ ಅದನ್ನೇ ಹೇಳ್ತೀರಾ?"

ಗುರು ದಾರವನ್ನು ಹಲ್ಲಿನಿಂದ ಕಡಿದ.

"ಹೆಸರು ಹೇಳೋನು ನಾನು. ಆದರೆ ಆ ಹೆಸರು ಹಿಡಿದು ಅಳೋರು ಜನ. ಗೋಪುರದ ಬುಡದಲ್ಲಿ ಹಳ್ಳಿ ಇದೆ, ಹೋಗು. ಅವರಿಗೆ ಈ ಹೆಸರಲ್ಲಿ ಅಳೋದು ಕಲಿಸಿ ಬಾ. ಅವರಿಗೆ ಬಂದರೆ ನಾನೂ ಅದನ್ನೇ ಹೇಳ್ತೀನಿ."

ದುವಾನ್ ಮಾರನೆಯ ದಿನ ಬೆಳಿಗ್ಗೆ ಹೊಳೆ ದಾಟಿ ಹಳ್ಳಿಗೆ ಹೋದ.

ಆ ಹಳ್ಳಿಯಲ್ಲಿ ಗಂಡಸರು ಕಡಿಮೆ. ಇದ್ದವರಲ್ಲಿ ಒಬ್ಬನಿಗೆ ಕಾಲಿಲ್ಲ, ಇನ್ನೊಬ್ಬನಿಗೆ ಕೆಮ್ಮು ನಿಲ್ಲದು. ಹೆಂಗಸರೇ ನೊಗಕ್ಕೆ ಹೆಗಲು ಕೊಟ್ಟು ಉಳುತ್ತಿದ್ದರು. ಎಲ್ಲಿ ನಿಂತರೂ ಗೋಪುರ ಕಾಣುತ್ತಿತ್ತು. ಅದರ ನೆರಳು ಬೀಳುವ ಕಡೆ ಏನೂ ಬೆಳೆದಿರಲಿಲ್ಲ.

ಬಾವಿಯ ಹತ್ತಿರ ದುವಾನ್ ಎಲ್ಲರನ್ನೂ ಸೇರಿಸಿದ. ಮುಂದೆ ಬಂದು ಕೂತವಳು ತಾವ್ ಎಂಬ ಮುದುಕಿ. ಊರಿನಲ್ಲಿ ಯಾರ ಮನೆಯಲ್ಲಿ ಸಾವಾದರೂ ಅಳುವಿಗೆ ಮೊದಲ ದನಿ ಅವಳದ್ದೇ ಎಂದು ಉಳಿದವರು ಹೇಳಿದರು.

ದುವಾನ್ ವಿಧಿಯನ್ನು ವಿವರಿಸಿದ. ಹೆಸರು ದುರ್ದೈವಿ ಎಂದ.

"ಯಾರು ಸ್ವಾಮಿ ದುರ್ದೈವಿ?" ತಾವ್ ಕೇಳಿದಳು.

"ದೊರೆಗಳು."

"ಹೌದಾ," ಎಂದಳು. ಅದರಲ್ಲಿ ಕೊಂಕೇನೂ ಇರಲಿಲ್ಲ.

ಹೇಗೆ ಅಳಬೇಕು ತೋರಿಸಿ ಎಂದರು. ದುವಾನ್ ತೋರಿಸಿದ. ಹೆಂಗಸರು ಅತ್ತರು. ಅವನು ಹೆದರಿದಂತೆ ಯಾರೂ ಬೈಯಲಿಲ್ಲ, ಯಾರೂ ಎದ್ದು ಹೋಗಲಿಲ್ಲ. ಹೇಳಿಕೊಟ್ಟದ್ದನ್ನು ಬೇಗನೇ ಕಲಿತರು. ಎಲ್ಲಿ ದನಿ ಏರಿಸಬೇಕು, ಎಲ್ಲಿ ಎದೆ ಬಡಿದುಕೊಳ್ಳಬೇಕು ಎಂದು ಮತ್ತೆ ಮತ್ತೆ ಕೇಳಿ ತಿದ್ದಿಕೊಂಡರು.

ದುವಾನ್‌ಗೆ ಯಾಕೋ ಸಮಾಧಾನವಾಗಲಿಲ್ಲ. ನಿಮಗೆ ಕಷ್ಟವಾಗಲಿಲ್ಲವೇ ಎಂದು ತಾವ್‌ಳನ್ನು ಕೇಳಿದ.

"ಮಣ್ಣು ಹೊರಿ ಅಂದ್ರು, ಹೊತ್ವಿ. ಈಗ ಅಳಿ ಅಂದ್ರೆ ಅಳ್ತೀವಿ. ಇದು ಮಣ್ಣಿಗಿಂತ ಹಗುರ ಅಲ್ವಾ ಸ್ವಾಮಿ?"

ಅವನು ಹೊರಡಲು ಎದ್ದ. ಮುದುಕಿ ಸ್ವಲ್ಪ ದೂರ ಅವನ ಹಿಂದೆಯೇ ಬಂದಳು.

"ಒಂದು ಮಾತು ಕೇಳ್ಲಾ? ತಪ್ಪು ತಿಳಿಯಬಾರದು."

"ಕೇಳಿ ಅಜ್ಜಿ."

"ನನ್ನ ಗಂಡ, ನನ್ನ ಮಗ ಇಬ್ಬರೂ ಅಲ್ಲೇ ಹೋದ್ರು." ಅವಳು ಗೋಪುರದ ಕಡೆ ನೋಡಲೂ ಇಲ್ಲ. "ಆಗ ಅಳೋಕೆ ಬಿಡಲಿಲ್ಲ. ಅತ್ತರೆ ಕೆಲಸ ನಿಲ್ಲುತ್ತೆ, ಉಳಿದೋರು ಬುಟ್ಟಿ ಕೆಳಗಿಡ್ತಾರೆ ಅಂದ್ರು. ಈಗ ದೊರೆಗೆ ಅಳೋವಾಗ, ಅದರಲ್ಲೇ ಒಂಚೂರು ಅವರಿಗೂ ಅಂತ ಮನಸ್ಸಲ್ಲಿ ಅಂದ್ಕೊಂಡು ಅತ್ತರೆ ನಡೆಯುತ್ತಾ?"

ಶೋಕದ ವಿಧಿಗಳನ್ನು ದುವಾನ್ ಬಾಯಿಪಾಠ ಮಾಡಿದ್ದ. ಯಾರಿಗೆ ಎಷ್ಟು ದಿನ, ಯಾವ ಬಟ್ಟೆ, ಯಾವ ಊಟ ಎಲ್ಲ ಗೊತ್ತಿತ್ತು. ಕದ್ದು ಅಳುವುದಕ್ಕೆ ವಿಧಿ ಏನೆಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಅವನು ಕೈಮುಗಿದು ಅಲ್ಲಿಂದ ಹೊರಟ. ದಾರಿಯುದ್ದಕ್ಕೂ ಅಳು ಬಂತು.

ಗುರು ಒಲೆಯ ಮುಂದೆ ಕೂತು ನವಣೆ ಗಂಜಿ ಕಲಕುತ್ತಿದ್ದ.

"ಬಂತಾ ಅವರಿಗೆ?"

"ಬಂತು."

"ಸರಿ. ಹಾಗಾದರೆ ದುರ್ದೈವಿ ಅಂತಲೇ ಹೇಳ್ತೀನಿ."

"ಬೇಡಿ ಗುರುಗಳೇ."

"ಯಾಕೆ? ಪದ್ಧತಿಯಲ್ಲಿದೆ. ಸುಳ್ಳೂ ಅಲ್ಲ."

"ಸುಳ್ಳಲ್ಲ," ಎಂದ ದುವಾನ್. "ಆದರೆ ಅವರ ಮನೆಯ ದುಃಖವನ್ನ ಕಿತ್ತುಕೊಂಡು ಅವನ ಪೆಟ್ಟಿಗೆ ಮೇಲೆ ಇಟ್ಟ ಹಾಗಾಗುತ್ತೆ. ಮರುಕ ಬೇಕಾದದ್ದು ಯಾರಿಗೆ, ಕೊಡ್ತಿರೋದು ಯಾರಿಗೆ. ನಾನು ಅವರಿಗೆ ಅಳೋದು ಕಲಿಸೋಕೆ ಹೋದೆನಲ್ಲ, ನನಗೆ ನಾಚಿಕೆ ಆಗುತ್ತೆ."

ಗುರು ಬಟ್ಟಲಿಗೆ ಗಂಜಿ ಹಾಕಿ ಅವನ ಮುಂದಿಟ್ಟ. ದುವಾನ್ ಕುಡಿಯಲಿಲ್ಲ.

"ನೀವು ಯಾವ ಹೆಸರು ಅಂದ್ಕೊಂಡಿದ್ದೀರಿ?"

"ಪೀಡಕ."

"ಕೊಲ್ತಾರೆ."

"ಕೊಂದರೆ ಸಾಯ್ತೀನಿ. ಕೊಲ್ಲದಿದ್ದರೂ ಸಾಯ್ತೀನಿ. ನನ್ನ ಸಾವನ್ನ ಇವತ್ತಲ್ಲ ನಾಳೆ ಅಂತ ಮುಂದೂಡಬಹುದು. ಹೆಸರು ಹಾಗಲ್ಲ. ಒಂದೇ ಸಲ ಇಡೋದು."

ದುವಾನ್ ಸಿಟ್ಟಾದ. ಸತ್ತವನಿಗೆ ಯಾವ ಹೆಸರಿಟ್ಟರೆ ಏನು, ಅವನಿಗೆ ಕೇಳಿಸುತ್ತದೆಯೇ, ಇದರಿಂದ ಆ ಮುದುಕಿಯ ಮಗ ಎದ್ದು ಬರುತ್ತಾನೆಯೇ ಎಂದು ಒಂದೇ ಉಸಿರಿಗೆ ಕೇಳಿದ.

"ಸತ್ತವನಿಗೆ ಕೇಳಿಸಲ್ಲ," ಎಂದ ಗುರು. "ಅವನ ಪಕ್ಕದಲ್ಲಿ ನಿಂತಿರೋ ಮಗನಿಗೆ ಕೇಳಿಸುತ್ತೆ."

ಆಮೇಲೆ ಗಂಜಿ ಮುಗಿಸಿ, ಬಟ್ಟಲು ತೊಳೆದು ಬಂದು ಹೇಳಿದ. "ಮಂತ್ರಿಗೆ ಮಾತು ಕೊಟ್ಟೋನು ನೀನು. ಹೋಗಿ ವಾಪಸ್ ತಗೊಂಡು ಬಾ. ಅವರು ನಂಬಿಕೊಂಡು ಕೂತಿರ್ತಾರೆ, ಮೋಸ ಮಾಡಬಾರದು."

ಕೊಲ್ಲಲು ನಿಂತವನಿಗೂ ಮೋಸ ಮಾಡಬಾರದು ಎನ್ನುವ ಇಂಥ ಮುದುಕರ ಜೊತೆ ಬಾಳುವುದು ಸುಲಭವಲ್ಲ. ದುವಾನ್ ಹಣೆ ಚಚ್ಚಿಕೊಂಡು ಹೋದ.

ಮಂತ್ರಿ ಚಿ ಎಲ್ಲವನ್ನೂ ಕೇಳಿಸಿಕೊಂಡ. ಸಿಟ್ಟಾಗಲಿಲ್ಲ. ಬದಲಿಗೆ ದುವಾನ್‌ನನ್ನು ಪಕ್ಕದಲ್ಲಿ ಕೂರಿಸಿಕೊಂಡ.

"ದುವಾನ್ ಅವರೇ, ನೀವು ಸುಮ್ಮನೆ ಹೆದರ್ತಿದ್ದೀರಿ. ಗುರುಗಳು ಏನು ಬೇಕಾದರೂ ಹೇಳಲಿ. ಅವರ ದನಿ ಪೆಟ್ಟಿಗೆಯ ಆಚೆಗೆ ಹೋಗಲ್ಲ. ಜನಕ್ಕೆ, ರಾಯಭಾರಿಗಳಿಗೆ ಕೇಳೋದು ನಿಮ್ಮ ದನಿ. ನೀವು ದುರ್ದೈವಿ ಅಂತ ಕೂಗಿ. ಗುರುಗಳು ತಮ್ಮ ಮಾತು ಹೇಳಿದ ಹಾಗೂ ಆಯ್ತು, ಅವರ ಜೀವ ಉಳಿದ ಹಾಗೂ ಆಯ್ತು."



ಅರಮನೆಯಲ್ಲಿ ವಿಧಿ ನಡೆಸುವವರ ಜಾಗ ಖಾಲಿ ಇದೆ ಎಂದೂ ಮಂತ್ರಿ ನೆನಪಿಸಿದ. ಆ ಆಮಿಷಕ್ಕೆ ದುವಾನ್ ಅಲುಗಲಿಲ್ಲ. ಅವನನ್ನು ಅಲುಗಿಸಿದ್ದು ಮಂತ್ರಿ ಬಾಗಿಲಲ್ಲಿ ಹೇಳಿದ ಮಾತು.

"ನಿಮ್ಮ ಗುರುಗಳ ಜೀವ ಈಗ ಅವರ ಬಾಯಲ್ಲಿಲ್ಲ. ನಿಮ್ಮ ಗಂಟಲಲ್ಲಿದೆ."

ದುವಾನ್ ಅದನ್ನು ಗುರುವಿನಿಂದ ಮುಚ್ಚಿಡಲಿಲ್ಲ. ಮುಚ್ಚಿಡಲು ಅವನಿಗೆ ಬರುತ್ತಲೂ ಇರಲಿಲ್ಲ. ಸಂಜೆ ಹೊಳೆದಡದಲ್ಲಿ ಕೂತು ಎಲ್ಲ ಹೇಳಿದ. ನನ್ನನ್ನು ಬಿಟ್ಟು ಬೇರೆ ಶಿಷ್ಯನನ್ನು ನಿಲ್ಲಿಸಿ ಎಂದು ಬೇಡಿಕೊಂಡ.

"ಅವರಿಗೆ ನಿನ್ನಷ್ಟು ಗಂಟಲಿಲ್ಲ."

"ನೀವೇ ಕೂಗಿಬಿಡಿ."

"ಕೂಗೋದು ಶಿಷ್ಯನ ಕೆಲಸ. ವಿಧಿಯನ್ನ ನನ್ನ ಅನುಕೂಲಕ್ಕೆ ಬದಲಾಯಿಸಿದರೆ, ಅವರು ಅವರ ಅನುಕೂಲಕ್ಕೆ ಬದಲಾಯಿಸೋದನ್ನ ಬೇಡ ಅನ್ನೋಕೆ ನನಗೇನು ಹಕ್ಕಿದೆ?"

ಗುರು ದುವಾನ್‌ಗೆ ತಂದೆಗಿಂತ ಹೆಚ್ಚು. ಜ್ವರ ಬಂದಾಗ ತಲೆಯ ಹತ್ತಿರ ಕೂತವನು, ಅಕ್ಷರ ತಿದ್ದಿಸಿದವನು.

"ನಾನು ದುರ್ದೈವಿ ಅಂತಲೇ ಕೂಗಿದರೆ ಏನು ಮಾಡ್ತೀರಿ?"

"ಏನೂ ಮಾಡಲ್ಲ. ಬದುಕಿರ್ತೀನಿ. ಮನೆಗೆ ಬರ್ತೀವಿ. ನೀನು ಗಂಜಿ ಬಡಿಸ್ತೀಯ, ನಾನು ಕುಡೀತೀನಿ." ಗುರು ಎದ್ದು ಬಟ್ಟೆಯ ಮಣ್ಣು ಕೊಡವಿಕೊಂಡ. "ಆದರೆ ಬಡಿಸುವಾಗ ನೀನು ನನ್ನ ಮುಖ ನೋಡಬೇಕಲ್ಲ ದುವಾನ್, ನಾನು ನಿನ್ನ ಮುಖ ನೋಡಬೇಕಲ್ಲ."

ಅದಕ್ಕಿಂತ ಹೆಚ್ಚಿಗೆ ಗುರು ಏನೂ ಹೇಳಲಿಲ್ಲ. ಹೀಗೇ ಕೂಗು ಎಂದು ಆಜ್ಞೆ ಮಾಡಿದ್ದರೆ ದುವಾನ್‌ಗೆ ಎಷ್ಟೋ ಸುಲಭವಾಗುತ್ತಿತ್ತು.

ಶವಸಂಸ್ಕಾರ ಗೋಪುರದ ಬುಡದಲ್ಲೇ ನಡೆಯಿತು. ಅಪ್ಪ ಕಟ್ಟಿಸಿದ್ದನ್ನು ರಾಯಭಾರಿಗಳು ನೋಡಲಿ ಎಂದು ಮಗನೇ ಹಾಗೆ ಏರ್ಪಾಡು ಮಾಡಿದ್ದ.

ಹೊಸ ದೊರೆ ಒರಟು ಸೆಣಬು ಉಟ್ಟು, ಬರಿಗಾಲಲ್ಲಿ, ಬಿದಿರಿನ ಕೋಲು ಊರಿಕೊಂಡು ನಿಂತಿದ್ದ. ಇನ್ನೂ ಎಳೆಯ ಮುಖ. ಅತ್ತೂ ಅತ್ತೂ ಕಣ್ಣು ಊದಿಕೊಂಡಿತ್ತು. ಎಂಥ ಅಪ್ಪನಾದರೂ ಅಪ್ಪನೇ ಅಲ್ಲವೇ. ಅವನ ಹಿಂದೆ ಮಂತ್ರಿ, ಒಂದು ಪಕ್ಕದಲ್ಲಿ ರಾಯಭಾರಿಗಳು, ಸುತ್ತ ಕಾವಲು. ದೂರದಲ್ಲಿ, ನಿಲ್ಲಿಸಿದ ಕಡೆ, ಜನ. ಮುಂದಿನ ಸಾಲಿನಲ್ಲಿ ತಾವ್ ಇದ್ದಳು.

ಗುರು ಲಿನ್ ತೇಪೆ ಹಾಕಿದ ಬಟ್ಟೆಯಲ್ಲಿ ಬಂದ. ಶವಪೆಟ್ಟಿಗೆಗೆ ಮಂಡಿಯೂರಿ ತಲೆಬಾಗಿದ. ಮೇಲೇಳುವಾಗ ಅವನ ಕಣ್ಣಿಂದ ನೀರು ಇಳಿಯುತ್ತಿತ್ತು.

ದುವಾನ್ ಬೆರಗಾದ. ಗುರುವಿನ ತೋಳು ಹಿಡಿದು ಎಬ್ಬಿಸುತ್ತಾ ಪಿಸುಗುಟ್ಟಿದ.

"ಇವನಿಗೂ ಅಳ್ತೀರಾ?"

"ಬದುಕಿದ್ದಿದ್ದರೆ ತಿದ್ದಿಕೊಳ್ಳಬಹುದಿತ್ತು," ಎಂದ ಗುರು. "ಇನ್ನು ಆಗಲ್ಲ."

ಅದು ನಟನೆಯಲ್ಲ. ಆ ದಿನ ಅಲ್ಲಿ ಸೇರಿದವರಲ್ಲಿ ಮಗನನ್ನು ಬಿಟ್ಟರೆ ಸತ್ತವನಿಗಾಗಿ ನಿಜವಾಗಿ ಅತ್ತವನು ಗುರು ಒಬ್ಬನೇ.

ದುವಾನ್ ಗೋಪುರದ ಮೆಟ್ಟಿಲು ಹತ್ತಿ ಎಲ್ಲರಿಗೂ ಕಾಣುವಂತೆ ನಿಂತ. ಕೆಳಗೆ ಗುರು ಪೆಟ್ಟಿಗೆಯ ಮೇಲೆ ಕೈಯಿಟ್ಟ.

"ಪೀಡಕ," ಎಂದ ಗುರು.

ಅದು ಹೊಸ ದೊರೆಗೆ ಕೇಳಿಸಿತು. ಮಂತ್ರಿಗೆ ಕೇಳಿಸಿತು. ಮೆಟ್ಟಿಲ ಮೇಲಿದ್ದ ದುವಾನ್‌ಗೆ ಕೇಳಿಸಿತು. ಬೇರೆ ಯಾರಿಗೂ ಇಲ್ಲ.

ಹೊಸ ದೊರೆ ಕೋಲನ್ನು ಬಿಗಿಯಾಗಿ ಹಿಡಿದ. ಮಂತ್ರಿ ದುವಾನ್ ಕಡೆ ತಲೆಯೆತ್ತಿ, ಹೂಂ, ನಡೆಸಿ ಎನ್ನುವಂತೆ ಮೆಲ್ಲಗೆ ತಲೆಯಾಡಿಸಿದ.

ದುವಾನ್ ಬಾಯಿ ತೆರೆದ.

ಗುರುವಿನ ಕತ್ತು ಮೇಲಿನಿಂದ ಕಾಣುತ್ತಿತ್ತು. ತೆಳ್ಳಗೆ, ಸುಕ್ಕುಗಟ್ಟಿ. ಗುರು ಅವನ ಕಡೆ ನೋಡುತ್ತಿರಲಿಲ್ಲ. ನೋಡಿದರೆ ಎಲ್ಲಿ ಒತ್ತಾಯ ಮಾಡಿದಂತಾಗುತ್ತದೋ ಎಂದು ಬೇಕೆಂದೇ ಬೇರೆ ಕಡೆ ನೋಡುತ್ತಿದ್ದ. ಒಂದು ಪದ, ಒಂದೇ ಒಂದು ಪದ, ಈ ಮುದುಕ ಹೊಳೆಯಾಚೆಗೆ ಮರಳುತ್ತಾನೆ. ಆ ಪದ ಸುಳ್ಳೂ ಅಲ್ಲ.

ದೂರದಲ್ಲಿ ತಾವ್ ಅಳಲು ಸಿದ್ಧಳಾಗಿ ಬಟ್ಟೆಯ ಅಂಚನ್ನು ಎದೆಗೆ ಒತ್ತಿಕೊಂಡಿದ್ದಳು. ಅವಳಿಗೆ ಯಾವ ಹೆಸರಾದರೂ ಸರಿ. ಒಳಗೊಳಗೇ ಯಾರಿಗೆ ಅಳಬೇಕೆಂದು ಅವಳಿಗೆ ಗೊತ್ತಿತ್ತು. ಕದ್ದು ಅಳಲು ತಯಾರಾಗಿ ನಿಂತಿದ್ದ ಆ ಮುಖವನ್ನು ನೋಡಿ ದುವಾನ್‌ಗೆ ತಡೆಯಲಾಗಲಿಲ್ಲ.

"ಪೀಡಕ ದೊರೆ!"

ಹೊಳೆಯಾಚೆಗೂ ಕೇಳಿಸುವಂತೆ ಕೂಗಿದ.

ಯಾರೂ ಅಲುಗಲಿಲ್ಲ. ಇದು ತಾವು ಕಲಿತ ಹೆಸರಲ್ಲ ಎಂದು ಹೆಂಗಸರು ಮುಖ ಮುಖ ನೋಡಿಕೊಂಡರು.

ತಾವ್ ಮೊದಲು ಅರ್ಥ ಮಾಡಿಕೊಂಡಳು. ಪೀಡಕ ಎಂದು ಒಮ್ಮೆ ತನ್ನಷ್ಟಕ್ಕೆ ಹೇಳಿಕೊಂಡಳು. ಆಮೇಲೆ ದನಿಯೆತ್ತಿ ತನ್ನ ಗಂಡನ ಹೆಸರು ಹಿಡಿದು ಅತ್ತಳು. ಮಗನ ಹೆಸರು ಹಿಡಿದು ಅತ್ತಳು. ಅವಳ ಪಕ್ಕದವಳು ತನ್ನ ಅಣ್ಣನಿಗೆ ಅತ್ತಳು. ಅದರಾಚೆಯವಳು ತನ್ನ ಅಪ್ಪನಿಗೆ. ಮಣ್ಣಿನ ಅಡಿಯಲ್ಲಿ ಹೋದವರ ಹೆಸರುಗಳು ಒಂದೊಂದಾಗಿ ಆ ಗೋಪುರದ ಬುಡದಲ್ಲಿ ಎದ್ದವು. ಹಾಗೆ ಅಳಲು ಅವರಿಗೆ ಯಾರೂ ಕಲಿಸಿರಲಿಲ್ಲ.

ರಾಯಭಾರಿಗಳು ನೆಲ ನೋಡಿದರು. ಒಬ್ಬ ತನ್ನ ಟೋಪಿ ತೆಗೆದು ಕೈಯಲ್ಲಿ ಹಿಡಿದ.

ಮಂತ್ರಿಯ ಸನ್ನೆಗೆ ಕಾವಲಿನವರು ಗುರುವನ್ನೂ ಮೆಟ್ಟಿಲ ಮೇಲಿನ ದುವಾನ್‌ನನ್ನೂ ಸುತ್ತುವರಿದರು. ಹೊಸ ದೊರೆ ಕೈಯೆತ್ತಿ ತಡೆದ. ಅವನಿಗೆ ಸಿಟ್ಟು ಉಕ್ಕಿತ್ತು. ಆದರೆ ಇಷ್ಟು ಸಂಸ್ಥಾನದವರ ಕಣ್ಣೆದುರು, ಇಷ್ಟು ಹೆಸರಾದ ಮುದುಕನನ್ನು, ಅಪ್ಪನ ಪೆಟ್ಟಿಗೆಯ ಪಕ್ಕದಲ್ಲೇ ಕೊಲ್ಲಿಸಲು ಅವನಿಗೂ ಅಳುಕು. ಒಂದು ದಾರಿ ಬೇಕಿತ್ತು. ಅವನು ಗುರುವಿನ ಹತ್ತಿರ ಬಂದು, ರಾಯಭಾರಿಗಳಿಗೆ ಕೇಳದಂತೆ ದನಿ ತಗ್ಗಿಸಿದ.

"ಗುರುಗಳೇ, ನೀವು ಹೇಳಿದ್ದು ದುರ್ದೈವಿ ಅಂತ. ನಿಮ್ಮ ಶಿಷ್ಯ ತಪ್ಪು ಕೂಗಿದ. ಅಷ್ಟು ಒಂದು ಮಾತು ಎಲ್ಲರ ಎದುರಿಗೆ ಹೇಳಿಬಿಡಿ. ನೀವು ಮನೆಗೆ ಹೋಗಬಹುದು. ಅವನ ವಿಚಾರ ನಮಗೆ ಬಿಡಿ."

ಕಾವಲಿನವರು ಕೆಳಗಿನ ಮೆಟ್ಟಿಲವರೆಗೂ ಎಳೆದು ತಂದಿದ್ದ ದುವಾನ್‌ಗೆ ಅದು ಕೇಳಿಸಿತು. ವಿಚಿತ್ರವೆಂದರೆ ಅವನಿಗೆ ಎದೆಯ ಭಾರ ಇಳಿದಂತಾಯಿತು. ಇಷ್ಟು ದಿನ ಹುಡುಕಿದ ದಾರಿ ಇದೇ. ಹೆಸರೂ ಕೂಗಿ ಆಯಿತು, ಗುರುವೂ ಉಳಿಯುತ್ತಾನೆ.

"ಹಾಗೇ ಹೇಳಿ ಗುರುಗಳೇ," ಎಂದ. "ನಾನು ತಪ್ಪು ಕೂಗಿದೆ ಅಂತ ಹೇಳಿ. ನಾನು ಬೇಜಾರು ಮಾಡ್ಕೊಳ್ಳಲ್ಲ."

ಗುರು ಆಗ ಮೊದಲ ಸಲ ಅವನ ಕಡೆ ನೋಡಿದ. ಕಣ್ಣಲ್ಲಿ ಇನ್ನೂ ನೀರಿತ್ತು. ಕಾವಲಿನವರ ನಡುವೆಯೇ ನಿಧಾನವಾಗಿ ನಡೆದು, ದುವಾನ್ ನಿಂತಿದ್ದ ಮೆಟ್ಟಿಲನ್ನು ಕಷ್ಟಪಟ್ಟು ಹತ್ತಿ, ಅವನ ಪಕ್ಕದಲ್ಲಿ ನಿಂತ. ಶಿಷ್ಯನ ಹೆಗಲ ಮೇಲೆ ಕೈಯಿಟ್ಟು ಉಸಿರು ತೆಗೆದುಕೊಂಡ. ಆಮೇಲೆ ತನ್ನ ಸಣ್ಣ ದನಿಯಲ್ಲಿ, ಎಲ್ಲರ ಎದುರಿಗೆ, ಹೊಸ ದೊರೆಗೆ ಹೇಳಿದ.

"ದೊರೆಗಳೇ, ಎಷ್ಟೋ ವರ್ಷದಿಂದ ಪಾಠ ಹೇಳ್ತಾ ಬಂದಿದ್ದೀನಿ. ಇವತ್ತು ಒಬ್ಬ ಸರಿಯಾಗಿ ಒಪ್ಪಿಸಿದ. ಅದನ್ನೇ ತಪ್ಪು ಅನ್ನಲೇ?"